ಮೂರು ಗಂಟೆಯ ಪರೀಕ್ಷೆ, ನಾಲ್ಕನೇ ಗಂಟೆಯ ಹಕ್ಕು

ಕೆಲವು ಮಕ್ಕಳು ಹಾಗೆ. ಬಾಯಲ್ಲಿ ಕೇಳಿದರೆ ಪಟಪಟನೆ ಉತ್ತರ. ಪೆನ್ನು ಹಿಡಿದರೆ ಕೈ ಓಡದು. ಅಕ್ಷರ ಅಂಕುಡೊಂಕು, ಸಾಲು ಸೊಟ್ಟ. ‘ಸೋಮಾರಿ’ ಎಂಬ ಬಿರುದು ಶಾಲೆಯಲ್ಲೂ ಮನೆಯಲ್ಲೂ ಸಿಕ್ಕಿಬಿಡುತ್ತದೆ. ವೈದ್ಯರು ಈ ತೊಂದರೆಗೆ ಡಿಸ್‌ಗ್ರಾಫಿಯಾ ಎನ್ನುತ್ತಾರೆ.

2021ರ ಸೆಪ್ಟೆಂಬರ್ 12ರಂದು ನೀಟ್ ಪರೀಕ್ಷೆಗೆ ಕುಳಿತ ಒಬ್ಬ ವಿದ್ಯಾರ್ಥಿನಿಗೆ ಇದೇ ತೊಂದರೆ. ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರವೂ ಇತ್ತು. ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ ಕೊಡಬೇಕಾಗಿತ್ತು. ಕೊಡಲಿಲ್ಲ. ಎಲ್ಲರ ಜೊತೆಗೇ ಆಕೆಯ ಉತ್ತರ ಪತ್ರಿಕೆಯೂ ಹೋಯಿತು.

ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅನ್ಯಾಯವಾಗಿದೆ ಎಂದು ಅದೇ ನವೆಂಬರ್ 23ರಂದು ನ್ಯಾಯಾಲಯ ಒಪ್ಪಿತು. ಆದರೆ ಒಬ್ಬರಿಗಾಗಿ ಮರುಪರೀಕ್ಷೆ ನಡೆಸಲಾಗದು ಎಂದಿತು. ಬೇರೇನು ಪರಿಹಾರ ಕೊಡಬಹುದೆಂದು ಪರೀಕ್ಷಾ ಸಂಸ್ಥೆಯೇ ಒಂದು ವಾರದಲ್ಲಿ ಯೋಚಿಸಬೇಕೆಂದಿತು. ಗೆದ್ದರೂ ಆ ಒಂದು ಗಂಟೆ ಮರಳಿ ಬರಲಿಲ್ಲ.

ಈ ಗಂಟೆ ಯಾರೋ ಕನಿಕರದಿಂದ ಕೊಡುವ ರಿಯಾಯಿತಿಯಲ್ಲ. 1995ರ ಹಳೆಯ ಕಾಯ್ದೆಯ ಪಟ್ಟಿಯಲ್ಲಿದ್ದದ್ದು ಏಳೇ ಬಗೆಯ ಅಂಗವೈಕಲ್ಯ. 2017ರಲ್ಲಿ ಜಾರಿಗೆ ಬಂದ 2016ರ ಕಾಯ್ದೆಯಲ್ಲಿ ಅದು 21 ಆಯಿತು. ಕಲಿಕೆಯ ತೊಂದರೆಗೂ ಜಾಗ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ, ಮಗುವಿಗೆ ಬೇಕಾದ ನ್ಯಾಯವಾದ ಅನುಕೂಲವನ್ನು ನಿರಾಕರಿಸುವುದೇ ತಾರತಮ್ಯ ಎಂದು ಈ ಕಾಯ್ದೆ ಹೇಳುತ್ತದೆ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲದರ ಹೆಸರೂ ಅದರ 17ನೇ ಕಲಮಿನಲ್ಲಿದೆ. ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳೂ ಇದಕ್ಕೆ ಹೊರತಲ್ಲ. ಎಷ್ಟು ಮುಖ್ಯೋಪಾಧ್ಯಾಯರು ಇದನ್ನು ಓದಿದ್ದಾರೋ!

‘ನಿಮ್ಮ ಮಗನಿಗೆ ಶೇ 40 ಇಲ್ಲವಲ್ಲ’ ಎಂದು ಪಾಲಕರನ್ನು ವಾಪಸು ಕಳಿಸುವುದುಂಟು. ಸರ್ಕಾರಿ ಹಾಗೂ ಅನುದಾನಿತ ಕಾಲೇಜುಗಳ ಶೇ 5ರ ಮೀಸಲಾತಿಗೆ ಆ ಮಿತಿ ಬೇಕು, ನಿಜ. ಪರೀಕ್ಷೆಯ ಸಹಾಯಕನಿಗೆ ಬೇಕಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಗೆ ಸಹಾಯಕನನ್ನು ಕೇಳಿದ್ದ ಪ್ರಕರಣದಲ್ಲಿ 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು.

ಪಾಲಕರು ಮಾಡಬೇಕಾದದ್ದೇನು? ಬಾಯಿಮಾತು ಸಾಲದು. ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯೊಂದರ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಶಾಲೆ ಕಿವಿಗೊಡದಿದ್ದರೆ ಅಂಗವಿಕಲರಿಗಾಗಿ ಇರುವ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಆಯುಕ್ತರ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡೆವೆಂದು ತಿಳಿಸಲು ಸಂಸ್ಥೆಗೆ ಮೂರು ತಿಂಗಳ ಕಾಲಾವಕಾಶವಿದೆ. ಆದ್ದರಿಂದ ಅರ್ಜಿ ಕೊಡಲು ಹಾಲ್ ಟಿಕೆಟ್ ಬರುವವರೆಗೆ ಕಾಯದೆ, ಶಾಲೆ ಶುರುವಾದ ತಿಂಗಳಲ್ಲೇ ಕೊಡುವುದು ಒಳ್ಳೆಯದು.