ಬ್ಯಾಟರಿಗೂ ಒಂದು ಹಾಸಿಗೆಯುಂಟು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಸಂಬಳದ ದಿನ ಒಮ್ಮೆ, ತಿಂಗಳ ಕೊನೆಯಲ್ಲಿ ಒಮ್ಮೆ ನೆನೆಯುತ್ತೇವೆ. ಊರು ಬಿಟ್ಟು ಬಂದು ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದವರಿಗೆ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಅದೇ ಮಾತು ನಮ್ಮ ಮನೆಯ ಪುಟ್ಟ ಬ್ಯಾಟರಿಗೂ ಸಲ್ಲುತ್ತದೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅದನ್ನು ಸ್ಪಷ್ಟವಾಗಿ ತೋರಿಸಿಕೊಡುವ ಸಾಧನವೊಂದುಂಟು. ಅದೇ ಇ-ಸಿಗರೇಟು, ಹುಡುಗರ ಬಾಯಲ್ಲಿ ‘ವೇಪ್’. ಅದರಲ್ಲೂ ಶಕ್ತಿಯನ್ನು ಬೇಕಾದಂತೆ ಏರಿಸಿ ಇಳಿಸಬಹುದಾದ ಜಾತಿಯದು.

ಈ ಸಾಧನದ ಪರವಾಗಿ ವಕಾಲತ್ತು ಮಾಡಲು ನಾವು ಹೊರಟಿಲ್ಲ. ಅದರಲ್ಲಿರುವ ನಿಕೋಟಿನ್ ಚಟ ಹಿಡಿಸುವ ವಸ್ತು. ಕರ್ನಾಟಕ ಸರಕಾರವು 2016ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾನೂನು ಬಂದು ಇದರ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ದೇಶದಾದ್ಯಂತ ಅಪರಾಧವಾದುವು. ಆದರೆ ಇಂಗ್ಲೆಂಡು, ಅಮೆರಿಕಗಳಲ್ಲಿ ಇಂಥವು ಅಂಗಡಿಯಲ್ಲಿಯೇ ದೊರೆಯುತ್ತವೆ. ಓದಲೆಂದು ನಮ್ಮ ಮಕ್ಕಳು ಹೋಗುವುದೂ ಆ ದೇಶಗಳಿಗೇ. ಆದುದರಿಂದ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಇದರ ಒಳಗೆ ಒಂದು ತಂತಿಯ ಸುರುಳಿ ಇರುತ್ತದೆ. ಬ್ಯಾಟರಿಯ ವಿದ್ಯುತ್ತು ಹರಿದಾಗ ಸುರುಳಿ ಕಾದು, ಸುತ್ತಲಿನ ದ್ರವವನ್ನು ಆವಿಯಾಗಿಸುತ್ತದೆ. ಇದರಲ್ಲಿ ಬಹಳವಾಗಿ ಬಳಕೆಯಾಗುವ ಸೆಲ್ಲಿನ ಹೆಸರು 18650. ಎಂದರೆ 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ಕೊನೆಯ ಸೊನ್ನೆ ಅದು ಉರುಟಾದುದೆಂಬುದರ ಗುರುತು. ಪೂರ್ತಿ ತುಂಬಿದಾಗ 4.2 ವೋಲ್ಟ್ ಇದ್ದದ್ದು, ಬರಿದಾಗುತ್ತ ಬಂದಂತೆ 3.2ಕ್ಕೂ ಕೆಳಗೆ ಇಳಿಯುತ್ತದೆ. ಪ್ರತಿ ಸೆಲ್ಲಿಗೂ ಒಂದೇ ಸಮನೆ ಇಷ್ಟೇ ಆಂಪಿಯರ್ ಕೊಡಬಹುದೆಂಬ ಮಿತಿಯುಂಟು. ಒಳ್ಳೆಯ ಸೆಲ್ಲೊಂದರ ಮಿತಿ 20 ಆಂಪಿಯರ್ ಎಂದಿಟ್ಟುಕೊಳ್ಳೋಣ. ಸ್ನಾನದ ಮನೆಯ ಗೀಸರಿಗೆ ನಾವು ಹಾಕಿಸುವ ದಪ್ಪ ಸಾಕೆಟ್ಟು 16 ಆಂಪಿಯರಿನದು. ವೋಲ್ಟೇಜು ಬೇರೆಯಾದರೂ, ಬೆರಳುದ್ದದ ಈ ಸೆಲ್ಲಿನಿಂದ ಎಷ್ಟು ಪ್ರವಾಹವನ್ನು ಕೇಳುತ್ತಿದ್ದೇವೆಂಬುದು ಇದರಿಂದ ತಿಳಿದೀತು.

ಇನ್ನು ಲೆಕ್ಕ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ಒಂದೇ ಸೆಲ್ಲಿನ ಸಾಧನವನ್ನು 75 ವ್ಯಾಟಿಗೆ ಏರಿಸಿದರೆ, ತುಂಬಿದ ಸೆಲ್ಲು ಕೊಡಬೇಕಾದುದು ಸುಮಾರು 18 ಆಂಪಿಯರ್. ಮಿತಿಯೊಳಗೇ ಇದೆಯಲ್ಲ ಎಂದು ಹುಡುಗ ನಿಶ್ಚಿಂತನಾಗುತ್ತಾನೆ. ಆದರೆ ಸೆಲ್ಲು 3.2 ವೋಲ್ಟಿಗೆ ಇಳಿದಾಗಲೂ ಸಾಧನ ಅದೇ 75 ವ್ಯಾಟನ್ನು ಕೇಳುತ್ತದೆ. ಆಗ ಸೆಲ್ಲು ಕೊಡಬೇಕಾದುದು 23 ಆಂಪಿಯರಿಗೂ ಮೇಲೆ! ಎತ್ತು ದಣಿದಷ್ಟೂ ಹೊರೆ ಏರಿಸಿದಂತಾಯಿತು. ಆದುದರಿಂದ ಲೆಕ್ಕವನ್ನು ಹಾಕಬೇಕಾದುದು ಬರಿದಾಗುವ ಹೊತ್ತಿಗೆ: 20ನ್ನು 3.2ರಿಂದ ಗುಣಿಸಿದರೆ 64 ವ್ಯಾಟ್. ಸಾಧನದ ಒಳಗಿನ ಮಂಡಲವೂ ತನ್ನ ಪಾಲನ್ನು ತಿನ್ನುವುದರಿಂದ ಇನ್ನೂ ಕೆಳಗೇ ನಿಲ್ಲುವುದು ಜಾಣತನ. ತುಂಬಿದ ದಿನದ ಜೇಬನ್ನು ನೋಡಿ ತಿಂಗಳಿಡೀ ಖರ್ಚು ಮಾಡಿದವನ ಗತಿ ನಮಗೆ ತಿಳಿಯದ್ದೆ?

ನಿಯಂತ್ರಣದ ಮಂಡಲವೇ ಇಲ್ಲದ ಸಾಧನಗಳೂ ಉಂಟು. ಅವುಗಳಲ್ಲಿ ಸುರುಳಿಯ ರೋಧವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಅರ್ಧ ಓಮಿನ ಸುರುಳಿಗೆ ತುಂಬಿದ ಸೆಲ್ಲಿನಿಂದ 8.4 ಆಂಪಿಯರ್ ಹರಿದರೆ, 0.2 ಓಮಿನದಕ್ಕೆ 21 ಆಂಪಿಯರ್. ‘ಸಾಕು’ ಎನ್ನುವವರು ಅಲ್ಲಿ ಯಾರೂ ಇಲ್ಲ.

ಮಿತಿ ಮೀರಿದರೆ ಸೆಲ್ಲು ಒಳಗೊಳಗೇ ಕಾಯುತ್ತದೆ. ಎರಡು ಧ್ರುವಗಳನ್ನು ಬೇರೆಯಾಗಿಟ್ಟ ತೆಳುವಾದ ಪೊರೆ ಕೆಡುತ್ತದೆ. ಒಳಗಿನ ದ್ರವ ಬೇಗ ಹೊತ್ತಿಕೊಳ್ಳುವಂಥದು. ಒಮ್ಮೆ ಶುರುವಾದ ಕಾವು ಮತ್ತಷ್ಟು ಕಾವನ್ನು ಹುಟ್ಟಿಸುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತದ 2017ರ ವರದಿಯಂತೆ, ಆ ದೇಶದಲ್ಲಿ 2009ರಿಂದ 2016ರವರೆಗೆ ಇ-ಸಿಗರೇಟಿನ ಬೆಂಕಿ ಅಥವಾ ಸ್ಫೋಟದ 195 ಪ್ರಕರಣಗಳು ನಡೆದುವು. ಅವುಗಳಲ್ಲಿ 121, ಸಾಧನವಾಗಲಿ ಬಿಡಿ ಬ್ಯಾಟರಿಯಾಗಲಿ ಜೇಬಿನಲ್ಲಿದ್ದಾಗ ಇಲ್ಲವೆ ಬಳಕೆಯಲ್ಲಿದ್ದಾಗ ಆದುವು. ಬಿಡಿ ಸೆಲ್ಲಿನ ಜೊತೆಗೆ ಜೇಬಿನಲ್ಲಿ ಬೀಗದ ಕೈಯೋ ಚಿಲ್ಲರೆ ಕಾಸೋ ಇದ್ದು, ಎರಡು ತುದಿಗಳನ್ನು ಒಟ್ಟಿಗೆ ಮುಟ್ಟಿದರೆ ಸಾಕು.

ಇದೇ ಜಾತಿಯ ಸೆಲ್ಲುಗಳು ನಮ್ಮ ಟಾರ್ಚಿನಲ್ಲಿ, ಪವರ್ ಬ್ಯಾಂಕಿನಲ್ಲಿ, ಇಲೆಕ್ಟ್ರಿಕ್ ಸ್ಕೂಟರಿನಲ್ಲಿ ಕುಳಿತಿವೆ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರಲ್ಲಿ, ಕೆಳಗಿನ ಇಲೆಕ್ಟ್ರಿಕ್ ಸ್ಕೂಟರ್ ಮಳಿಗೆಯ ಬೆಂಕಿಯ ಹೊಗೆ ಮೇಲಿನ ವಸತಿಗೃಹಕ್ಕೆ ಏರಿ 8 ಮಂದಿ ಪ್ರಾಣ ಕಳೆದುಕೊಂಡರು. ಒಂದೇ ಮೆಟ್ಟಿಲಿನ ಚಾಳಿನಲ್ಲೂ ಫ್ಲ್ಯಾಟಿನಲ್ಲೂ ಇರುವ ನಮಗೆ ಇದು ದೂರದ ಸುದ್ದಿಯಲ್ಲ. ಸ್ಕೂಟರಿನ ಬ್ಯಾಟರಿಯನ್ನು ಮೆಟ್ಟಿಲ ಬಳಿ, ಬಾಗಿಲಿಗೆ ಅಡ್ಡವಾಗಿ, ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕಬಾರದು. ಚಾರ್ಜರು ಆ ಬ್ಯಾಟರಿಗೆಂದೇ ಬಂದುದಾಗಿರಲಿ. ಫೋನನ್ನು ದಿಂಬಿನಡಿ ಚಾರ್ಜಿಗಿಡುವ ಅಭ್ಯಾಸ ಬೇಡ. ಉಬ್ಬಿದ, ಹೊದಿಕೆ ಹರಿದ ಸೆಲ್ಲನ್ನು ಮತ್ತೆ ಬಳಸದೆ, ಮನೆಯ ಕಸಕ್ಕೂ ಹಾಕದೆ, ತುದಿಗಳಿಗೆ ಟೇಪು ಸುತ್ತಿ ಇ-ಕಸ ಸಂಗ್ರಹಿಸುವವರಿಗೆ ಕೊಡಬೇಕು. 18650 ಸೆಲ್ಲಿನ ಮೇಲೆ 9900 ಎಂ.ಎ.ಎಚ್. ಎಂದು ಅಚ್ಚಾಗಿದ್ದರೆ ಅದು ಸುಳ್ಳೆಂದೇ ತಿಳಿಯಿರಿ. ಉತ್ತಮ ಸೆಲ್ಲುಗಳೂ ಅದರ ಅರ್ಧವನ್ನು ಮುಟ್ಟುವುದಿಲ್ಲ. ವಿಮಾನದಲ್ಲಿ ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಲ್ಲ.

ಕೊನೆಗೆ ಹಿರಿಯರಿಗೆ ಒಂದು ಮಾತು. ಕದ್ದು ಕೊಂಡ ಸಾಧನಕ್ಕೆ ರಸೀದಿಯಿಲ್ಲ, ಬಳಕೆಯ ಸೂಚನೆಯಿಲ್ಲ. ಮಗ ಅದನ್ನು ಇಡುವುದು ಜೇಬಿನಲ್ಲಿ, ಚಾರ್ಜಿಗೆ ಹಾಕುವುದು ಹೊದಿಕೆಯ ಮರೆಯಲ್ಲಿ. ಅಪಾಯವಿರುವುದೂ ಆ ಎರಡು ಸ್ಥಳಗಳಲ್ಲಿಯೇ. ಚಟವನ್ನು ಬಿಡಿಸುವ ಪ್ರಯತ್ನ ನಡೆಯಲಿ, ನಡೆಯಲೇಬೇಕು. ಆದರೆ ಬೈಗುಳಕ್ಕೆ ಮೊದಲು, “ಆ ಬ್ಯಾಟರಿ ಎಲ್ಲಿದೆಯಪ್ಪಾ, ಮೊದಲು ಅದನ್ನು ಹೊರಗೆ ತಾ” ಎಂದು ಕೇಳುವಷ್ಟು ಸಮಾಧಾನ ನಮ್ಮಲ್ಲಿರಬೇಕು. ಹೆದರಿದ ಮಗ ಅದನ್ನು ಇನ್ನೂ ಆಳಕ್ಕೆ ಬಚ್ಚಿಡುತ್ತಾನೆ. ನಂಬಿದ ಮಗ ಮೇಜಿನ ಮೇಲೆ ತಂದಿಡುತ್ತಾನೆ.