ಅರ್ಧ ಮಿಲಿಮೀಟರಿನ ಸೆಕೆ

ಕಲಬುರಗಿಯ ರಿಂಗ್ ರೋಡಿನ ಪಕ್ಕದ ಆ ತಗಡಿನ ಶೆಡ್ಡಿಗೆ ಬೋರ್ಡಿಲ್ಲ. ಒಳಗಿರುವವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ, ಹೊರಗೆ 42 ಡಿಗ್ರಿ. ಬೆನ್ನಿಗಂಟಿದ ಅಂಗಿ ಬಿಡಿಸಿಕೊಳ್ಳುತ್ತಾ ಕಾರಿನಿಂದಿಳಿದು, “ಎ.ಸಿ. ಬಿಸಿಗಾಳಿ ಬಿಡ್ಲತ್ತದ ಉಸ್ತಾದ್, ಗ್ಯಾಸ್ ಹಾಕ್ರಿ” ಎಂದೆ. ಅವರು ಸಿಲಿಂಡರಿನ ಕಡೆ ತಿರುಗಿಯೂ ನೋಡಲಿಲ್ಲ. ಬಾನೆಟ್ ಎತ್ತಿ, “ಬಟನ್ ಒತ್ರಿ” ಎಂದು ಕಿವಿಗೊಟ್ಟರು. “ಆರಿಸ್ರಿ. ಮತ್ತೊಮ್ಮೆ ಒತ್ರಿ.” ಮತ್ತೆ ಕಿವಿ.

“ಟಕ್ ಅಂತ ಸಪ್ಪಳ ಬರಲತ್ತಿಲ್ರಿ ಸಾಹೇಬ್ರ. ಗ್ಯಾಸಿನ ಮಾತು ಆಮ್ಯಾಲ.”

ಹತ್ತು ವರ್ಷ ಹಳೆಯ ಕಾರು. ಎರಡು ಬೇಸಿಗೆಯಿಂದ ಒಂದೇ ಕಾಯಿಲೆ: ಬೆಳಿಗ್ಗೆ ಹೊರಟಾಗ ಮೈ ಜುಮ್ಮೆನ್ನುವಷ್ಟು ತಂಪು, ಮಧ್ಯಾಹ್ನಕ್ಕೆ ಒಲೆ. ಬೇರೆ ಊರಿನ ದೊಡ್ಡ ಗ್ಯಾರೇಜೊಂದರಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದ್ದೆ. ಎರಡೂ ಸಲ ಸರಿಹೋಗಿತ್ತು. ಎರಡೂ ಸಲ ವಾರದೊಳಗೆ ಕೈಕೊಟ್ಟಿತ್ತು. ಎಲ್ಲೋ ಲೀಕ್ ಇರಬೇಕು ಎಂದರು, ಲೀಕ್ ಮಾತ್ರ ಯಾರಿಗೂ ಸಿಗಲಿಲ್ಲ.

ಎಂಜಿನ್ ಓಡುವಷ್ಟು ಹೊತ್ತೂ ಕಂಪ್ರೆಸರಿನ ಪುಲ್ಲಿ ಬೆಲ್ಟಿನ ಜೊತೆ ತಿರುಗುತ್ತಲೇ ಇರುತ್ತದೆ. ಅದರ ಮುಂದಿನ ಕ್ಲಚ್ ಪ್ಲೇಟ್ ಮಾತ್ರ ಸುಮ್ಮನಿರುತ್ತದೆ. ಬಟನ್ ಒತ್ತಿದಾಗ ಪುಲ್ಲಿಯ ಹಿಂದಿರುವ ಕಾಯಿಲ್ ಅಯಸ್ಕಾಂತವಾಗಿ ಪ್ಲೇಟನ್ನು ಸೆಳೆದು ಕಚ್ಚಿಸುತ್ತದೆ. ಅದೇ ಆ ಟಕ್. ಕಂಪ್ರೆಸರ್ ನಿಜಕ್ಕೂ ತಿರುಗತೊಡಗುವುದು ಆಮೇಲೆ.

ಉಸ್ತಾದ್ ಒಂದು ಪುಟ್ಟ ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪ್ ತೆಗೆದು, ಕಾಯಿಲಿಗೆ ಬರುವ ಕನೆಕ್ಟರ್ ಬಿಚ್ಚಿ ಮುಟ್ಟಿಸಿದರು. ಹತ್ತಿತು. ಇಡೀ ಮಧ್ಯಾಹ್ನದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಕ್ಷಣ. ಆ ಒಂದು ಬಲ್ಬು ಫ್ಯೂಸ್, ರಿಲೇ, ಪ್ರೆಶರ್ ಸ್ವಿಚ್, ಎಂಜಿನ್ನಿನ ಕಂಪ್ಯೂಟರ್ ಎಲ್ಲವನ್ನೂ ಆರೋಪಿಗಳ ಪಟ್ಟಿಯಿಂದ ಒಟ್ಟಿಗೇ ಬಿಡುಗಡೆ ಮಾಡಿತು. ಗ್ಯಾಸನ್ನೂ ಅರ್ಧ ಬಿಡುಗಡೆ ಮಾಡಿತೆನ್ನಬೇಕು. ತೀರಾ ಕಡಿಮೆಯಿದ್ದರೆ ಪ್ರೆಶರ್ ಸ್ವಿಚ್ ಕರೆಂಟನ್ನು ಅಲ್ಲಿಯವರೆಗೆ ಬಿಡುತ್ತಲೇ ಇರಲಿಲ್ಲ.

ಕನೆಕ್ಟರ್ ಮರಳಿ ಸಿಕ್ಕಿಸಿ, ಮೂಲೆಯಲ್ಲಿದ್ದ ಉದ್ದನೆಯ ಕಟ್ಟಿಗೆ ತುಂಡೊಂದನ್ನು ತಂದು, ಓಡುವ ಬೆಲ್ಟಿಗೆ ತಾಗದಂತೆ ಪ್ಲೇಟಿನ ನಡುವೆ ಮೆಲ್ಲಗೆ ತಟ್ಟಿದರು. (ಇದನ್ನು ಮನೆಯಲ್ಲಿ ಮಾಡಬೇಡಿ, ಅವರ ಕೈಗೆ ಮೂವತ್ತು ವರ್ಷದ ಅಭ್ಯಾಸವಿದೆ.) ಟಕ್! ಎಂಜಿನ್ನಿನ ಸದ್ದು ಒಂದು ಎಳೆ ಕುಗ್ಗಿ ಮೇಲೆದ್ದಿತು. ಎರಡು ನಿಮಿಷದಲ್ಲಿ ತಣ್ಣನೆ ಗಾಳಿ. ಒಂದು ಚಿಟಿಕೆ ಗ್ಯಾಸೂ ಹಾಕಿರಲಿಲ್ಲ.

ಎಂಜಿನ್ ಆರಿಸಿ, ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿದರು. ಅರ್ಧ ಮಿಲಿಮೀಟರಿನ ಆಸುಪಾಸು ಇರಬೇಕಾದದ್ದು ಸವೆದು ಸವೆದು ಒಂದು ಮಿಲಿಮೀಟರ್ ಆಗಿತ್ತು. ಸಂದಿ ಇಮ್ಮಡಿಯಾದರೆ ಅಯಸ್ಕಾಂತದ ಸೆಳೆತ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಇದರ ಮೇಲೆ ಬಿಸಿಲು. ತಾಮ್ರದ ತಂತಿಯ ರೋಧ ಡಿಗ್ರಿಗೆ ಶೇ. 0.4ರಷ್ಟು ಏರುತ್ತದೆ. ತಂಪಿದ್ದಾಗ ಮೂರೂವರೆ ಓಮ್ ಇರುವ ಕಾಯಿಲ್ 100 ಡಿಗ್ರಿಗೆ ಕಾದರೆ ನಾಲ್ಕೂವರೆ ದಾಟುತ್ತದೆ; ಅದೇ 12 ವೋಲ್ಟಿನಲ್ಲಿ ಹರಿಯುವ ಕರೆಂಟ್ ಕಾಲುಭಾಗ ಕಡಿಮೆ. ಬೆಳಗಿನ ತಂಪಿನಲ್ಲಿ ದೂರದ ಪ್ಲೇಟನ್ನೂ ಹೇಗೋ ಎಳೆದುಕೊಳ್ಳುತ್ತಿದ್ದ ಕಾಯಿಲ್, ಮಧ್ಯಾಹ್ನ ಥರ್ಮೋಸ್ಟಾಟ್ ಒಮ್ಮೆ ಕಟ್ ಮಾಡಿತೆಂದರೆ ಮತ್ತೆ ಎಳೆಯಲಾರದು. ಕಚ್ಚಿದ ಮೇಲೆ ಹಿಡಿದುಕೊಂಡಿರುವುದು ಸುಲಭ, ಕಚ್ಚಿಸುವುದೇ ಕಷ್ಟ.

ಹಾಗಾದರೆ ಆ ದೊಡ್ಡ ಗ್ಯಾರೇಜಿನಲ್ಲಿ ಸರಿಹೋಗಿದ್ದು ಹೇಗೆ? ಗ್ಯಾಸ್ ತುಂಬಲು ಕಾರನ್ನು ಎರಡು ತಾಸು ನೆರಳಿನಲ್ಲಿ ನಿಲ್ಲಿಸಿದ್ದರು. ಕಾಯಿಲ್ ತಣ್ಣಗಾಯಿತು. ಕೀರ್ತಿ ಗ್ಯಾಸಿಗೆ ಹೋಯಿತು, ದುಡ್ಡು ಅವರಿಗೆ.

ಈ ಕ್ಲಚ್ಚಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಆವತ್ತು. ಮನೆಗೆ ಬಂದು ಹಳೆಯ ಕತೆ ಕೆದಕಿದೆ. ಕಾರಿಗೆ ಕಾರ್ಖಾನೆಯ ಕಡೆಯಿಂದಲೇ ಮೊದಲು ಎ.ಸಿ. ಕೊಟ್ಟದ್ದು ಅಮೆರಿಕದ ಪ್ಯಾಕರ್ಡ್ ಕಂಪನಿ, 1939ರಲ್ಲಿ, 1940ರ ಮಾದರಿಗೆ. ಯಂತ್ರ ಕ್ಲೀವ್‌ಲ್ಯಾಂಡಿನ ಬಿಷಪ್ ಅಂಡ್ ಬ್ಯಾಬ್‌ಕಾಕ್ ಅವರದು. ತಂಪು ಮಾಡುವ ಪೆಟ್ಟಿಗೆ ಡಿಕ್ಕಿಯ ಅರ್ಧ ಜಾಗ ನುಂಗಿ, ಹಿಂದೆ ಕೂತವರ ಕತ್ತಿಗೆ ಗಾಳಿ ಊದುತ್ತಿತ್ತು. ಅದಿರಲಿ. ಆ ಕಾರಿನ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ! ಎಂಜಿನ್ ಓಡಿದಷ್ಟು ಹೊತ್ತು ಅದೂ ಓಡಬೇಕು. ಚಳಿಯಾಯಿತೇ? ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗಿಳಿದು, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕು. ಸೆಕೆಯಾದಾಗ ಮತ್ತೆ ಅದೇ ಸೇವೆ. ಸೂಟು ಬೂಟಿನ ಮಾಲೀಕ ಡ್ರೈವರನಿಗೆ “ಸ್ವಲ್ಪ ಥಂಡಿ ಕಣಯ್ಯ” ಎಂದಾಗಲೆಲ್ಲ ಆತ ಪಾನಾ ಹಿಡಿದು ಇಳಿಯುತ್ತಿದ್ದನೇನೋ ಎಂದು ಚಿತ್ರಿಸಿಕೊಂಡು ಬಹಳ ಹೊತ್ತು ನಕ್ಕೆ. ನನ್ನ ಕಾಯಿಲೆ ‘ಹತ್ತುವುದಿಲ್ಲ’, ಪ್ಯಾಕರ್ಡಿನದು ‘ಆರುವುದಿಲ್ಲ’. ಎರಡು ವರ್ಷದೊಳಗೆ ಆ ಕಂಪನಿ ಎ.ಸಿ.ಯ ಸಹವಾಸವನ್ನೇ ಬಿಟ್ಟಿತು.

ಇನ್ನು, ಆ ಬಲ್ಬು ಹತ್ತದಿದ್ದರೆ? ಹಿಂದೆ ಹಿಂದೆ ಹೋಗುವುದು, ಅಷ್ಟೇ. ಫ್ಯೂಸ್ ನೋಡು, ಎ.ಸಿ. ರಿಲೇ ಜಾಗಕ್ಕೆ ಅದೇ ನಮೂನೆಯ ಹಾರ್ನ್ ರಿಲೇ ಹಾಕಿ ನೋಡು. ಆಮೇಲೆ ಪ್ರೆಶರ್ ಗೇಜ್. ಎಂಜಿನ್ ತಣ್ಣಗೆ ನಿಂತಿದ್ದಾಗ 30 ಡಿಗ್ರಿಯಲ್ಲಿ ಎರಡೂ ಮುಳ್ಳು 95 ಪಿ.ಎಸ್.ಐ. ಸುತ್ತ ಇರಬೇಕು. ಅದು ಗ್ಯಾಸ್ ಇದೆ ಎಂದಷ್ಟೇ ಹೇಳುತ್ತದೆ, ಎಷ್ಟಿದೆ ಎಂದಲ್ಲ. ಎಷ್ಟೆಂಬುದಕ್ಕೆ ತೂಕದ ಲೆಕ್ಕವೇ ಬೇಕು. ಮುಂದಿನ ಪಂಖಾ ತಿರುಗದಿದ್ದರೆ ಒತ್ತಡ ಏರಿ ಅದೇ ಪ್ರೆಶರ್ ಸ್ವಿಚ್ ಇನ್ನೊಂದು ಕಾರಣಕ್ಕೆ ಕಟ್ ಮಾಡುತ್ತದೆ. ಕೆಲವರು ಆ ಸ್ವಿಚ್ಚಿಗೆ ವೈರು ಸುತ್ತಿ ದಾಟಿಸಿಬಿಡುತ್ತಾರೆ. ಆ ಮಾತೆತ್ತಿದ್ದಕ್ಕೆ ಉಸ್ತಾದ್ ಸಿಡುಕಿದರು: “ಎಣ್ಣಿ ಗ್ಯಾಸಿನ ಜೋಡಿನೇ ತಿರಗ್ತದ್ರಿ. ಗ್ಯಾಸ್ ಇಲ್ಲದ ಓಡಿಸಿದ್ರ ಕಂಪ್ರೆಸರ್ ಖಲಾಸ್.”

ಹೊಸ ಕಾರುಗಳಲ್ಲಿ ಕ್ಲಚ್ಚೇ ಇಲ್ಲದ ಕಂಪ್ರೆಸರುಗಳೂ ಬಂದಿವೆ. ಪ್ಯಾಕರ್ಡಿನ ಹಾಗೆ ಸದಾ ತಿರುಗುತ್ತವೆ, ಆದರೆ ಎಷ್ಟು ಗ್ಯಾಸ್ ತಳ್ಳಬೇಕೆಂಬುದನ್ನು ಒಳಗಿನ ವಾಲ್ವ್ ನಿರ್ಧರಿಸುತ್ತದೆ. ಅಲ್ಲಿ ಟಕ್ ಇಲ್ಲ, ಕಿವಿಗೆ ಕೆಲಸವಿಲ್ಲ. ನನಗೇಕೋ ಅದು ಹಿಡಿಸಲಿಲ್ಲ.

ಆ ಮಧ್ಯಾಹ್ನ ಶೆಡ್ಡಿನಲ್ಲಿ, ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟ್ ಎಳೆದಾಗ ಶಾಫ್ಟಿನ ಮೇಲೆ ಉಗುರಿನಷ್ಟು ತೆಳ್ಳನೆಯ ವಾಷರುಗಳು ಕಂಡವು. ಉಸ್ತಾದ್ ಒಂದನ್ನು ಉಗುರಿನಿಂದಲೇ ಎಬ್ಬಿಸಿ ತೆಗೆದು, ಪ್ಲೇಟ್ ಕೂರಿಸಿ, ಕೈಯಿಂದ ತಿರುಗಿಸಿ, ಎಲ್ಲೂ ಉಜ್ಜುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಅಳೆದರು. ಇಪ್ಪತ್ತು ನಿಮಿಷದ ಕೆಲಸ, ಮುನ್ನೂರು ರೂಪಾಯಿ.

“ಮತ್ತ ಕೆಟ್ರ?” ಎಂದೆ.

“ಒಳಗ ಇನ್ನೊಂದು ವಾಷರ್ ಅದರಿ. ಅದೂ ತೆಗಿಲಾಕ ಬರ್ತದ. ಅದರ ಮ್ಯಾಲ ಹೊಸಾ ಪ್ಲೇಟೇ ಹಾಕ್ಬೇಕು.”