ಒಂದು ಲಕೋಟೆ, ಹತ್ತು ದಾಖಲೆ

ಮುಂಬಯಿಯ ಕನ್ನಡ ಮನೆಗಳು ಬಹುಕಾಲದಿಂದ ನೆಚ್ಚಿಕೊಂಡ ದಾರಿ ಕಾಮರ್ಸ್. ಆ ದಾರಿ ಹಿಡಿದ ಮಕ್ಕಳಿಗೆ ನೆರವು ಇಲ್ಲವೆಂದಲ್ಲ. ಅಂಕಪಟ್ಟಿ ಕೈಯಲ್ಲಿದ್ದೂ ಕಾಗದ ಕೈಯಲ್ಲಿಲ್ಲದೆ ಅದು ತಪ್ಪಿಹೋಗುತ್ತದೆ.

ಜೂನ್ ಕೊನೆಯ ಭಾನುವಾರ. ಹೊರಗೆ ಮಳೆ, ಹಳಿಯ ಮೇಲೆ ಮೆಗಾ ಬ್ಲಾಕ್. ಕುರ್ಲಾದಲ್ಲೋ ಸಾಂತಾಕ್ರೂಜ್‌ನಲ್ಲೋ ಅಂಧೇರಿಯಲ್ಲೋ ಸಂಘವೊಂದರ ಸಭಾಗೃಹದ ಬಾಗಿಲಲ್ಲಿ ನೀರಿಳಿಯುವ ಕೊಡೆಗಳ ರಾಶಿ. ಒಳಗೆ ವೇದಿಕೆಯ ಮೇಲೆ ಶಾಲು, ಹೂಗುಚ್ಛ, ಭಾಷಣ. ಅದೆಲ್ಲ ಮುಗಿದ ಮೇಲೆ ಮಕ್ಕಳ ಹೆಸರು ಕೂಗುವ ಸರದಿ: ಎಫ್‌ವೈ ಬಿ.ಕಾಂ., ಎಸ್‌ವೈ ಬಿಎಂಎಸ್, ಟಿವೈ ಬಿಎಎಫ್. ಕರೆದವರು ಮೆಟ್ಟಿಲು ಹತ್ತಿ ಲಕೋಟೆ ಪಡೆದು, ಕೈಮುಗಿದು, ಫೋಟೊಗೆ ನಿಂತು ಇಳಿದು ಬರುತ್ತಾರೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರಿಗೆ, ತುಳುವರಿಗೆ ಈ ದೃಶ್ಯದ ಪರಿಚಯ ಇಲ್ಲದಿರುವುದು ಕಷ್ಟ. ವಿದ್ಯಾರ್ಥಿವೇತನ ಎಂದೊಡನೆ ಕಣ್ಣಿಗೆ ಬರುವುದೂ ಇದೇ.

ಲಕೋಟೆಯೊಳಗಿನ ಮೊತ್ತ ಹೆಚ್ಚೇನಲ್ಲ. ಪುಸ್ತಕಕ್ಕೆ, ರೈಲಿನ ಪಾಸಿಗೆ, ಪರೀಕ್ಷಾ ಶುಲ್ಕಕ್ಕೆ ಆದೀತು. ಮೂರು ವರ್ಷದ ಮ್ಯಾನೇಜ್‌ಮೆಂಟ್ ಪದವಿಗೋ ಎರಡು ವರ್ಷದ ಎಂಬಿಎಗೋ ಅದು ಎಲ್ಲಿ ಸಾಲುತ್ತದೆ? ಅಂಥ ಮೊತ್ತ ಇರುವ ಬಾಗಿಲುಗಳು ಬೇರೆ. ಅಲ್ಲಿ ಹೆಸರು ಕೂಗುವವರಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು.

ರಾತ್ರಿ ಶಾಲೆಯಿಂದ ಬೆಳಗಿನ ಕಾಲೇಜಿಗೆ

ಕಾಮರ್ಸಿನ ನಂಟು ಹಳೆಯದು. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರಿಗೆ ಓದು ಎಂದರೆ ಕನ್ನಡ ರಾತ್ರಿ ಶಾಲೆ. ಗಿರಾಕಿಗಳ ಗದ್ದಲ ಇಳಿದ ಮೇಲೆ ಪಾಟಿಚೀಲ. ಅಲ್ಲಿ ಮೆಟ್ರಿಕ್ ಆದವನ ಮುಂದಿನ ಗುರಿ ದೂರದ್ದಲ್ಲ, ದಿನಾ ಕಣ್ಣೆದುರೇ ಇತ್ತು: ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಲೆಕ್ಕ ಬರೆಯುವ ಮನುಷ್ಯ. ಅಲ್ಲಿಂದ ಒಂದು ಹೆಜ್ಜೆ ಮೇಲೆ ಬ್ಯಾಂಕಿನ ಗುಮಾಸ್ತ.

ಊರಿನವರು ಈ ನಗರದಲ್ಲಿ ಕಟ್ಟಿದ ಬ್ಯಾಂಕುಗಳನ್ನು ನೋಡಿದರೆ ಅದು ಬರೀ ಕನಸಾಗಿರಲಿಲ್ಲ ಎಂದು ತಿಳಿಯುತ್ತದೆ. ಕೆನರಾ ಮೂಲದ ಸಾರಸ್ವತರ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕ್ ಶುರುವಾದದ್ದು 1906ರಲ್ಲಿ. ಆಮೇಲೆ ಮೊಗವೀರ ಬ್ಯಾಂಕ್ ಬಂತು. 1978ರಲ್ಲಿ ಬಿಲ್ಲವರ ಅಸೋಸಿಯೇಶನ್ ಭಾರತ್ ಬ್ಯಾಂಕ್ ಕಟ್ಟಿತು. ಸಂಘಗಳಿಗೂ ಅಷ್ಟೇ ವಯಸ್ಸು: ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು. ಮುಂದೆ ಬಂಟರ ಸಂಘ ಕುರ್ಲಾ ಮತ್ತು ಪೊವಾಯಿಯಲ್ಲಿ ಸ್ವಂತ ಕಾಲೇಜುಗಳನ್ನೇ ತೆರೆಯಿತು. ಎರಡರಲ್ಲೂ ಕಾಮರ್ಸಿಗೆ ಜಾಗ ಇದೆ.

ಏಷ್ಯಾದಲ್ಲೇ ಮೊದಲನೆಯದು ಎನ್ನಿಸಿಕೊಂಡ ವಾಣಿಜ್ಯ ಕಾಲೇಜು, ಸಿಡೆನ್‌ಹ್ಯಾಮ್, ಇದೇ ನಗರದಲ್ಲಿ 1913ರಲ್ಲಿ ಹುಟ್ಟಿತು. ಅದೇ ವರ್ಷ ಮುಂಬಯಿಯ ಒಬ್ಬ ತರುಣ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟ. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಐದು ವರ್ಷದ ಮೇಲೆ, 1918ರಲ್ಲಿ, ಆ ತರುಣ, ಡಾ. ಬಿ.ಆರ್. ಅಂಬೇಡ್ಕರ್, ಅದೇ ಸಿಡೆನ್‌ಹ್ಯಾಮಿನಲ್ಲಿ ರಾಜಕೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. 1946ರಲ್ಲಿ ತಾವೇ ಸಿದ್ಧಾರ್ಥ ಕಾಲೇಜು ಸ್ಥಾಪಿಸಿದಾಗ, ಹೊಟ್ಟೆಪಾಡಿಗೆ ದುಡಿಯುವವರೂ ಕಲಿಯಲೆಂದು ಬೆಳಗಿನ ಹೊತ್ತೇ ತರಗತಿ ಇಟ್ಟರು. ಅದೇ ಸಂಸ್ಥೆಯ ಪ್ರತ್ಯೇಕ ಕಾಮರ್ಸ್ ಕಾಲೇಜು 1953ರಲ್ಲಿ ಬಂತು. ಬೆಳಗ್ಗೆ ಕಾಲೇಜು ಮುಗಿಸಿ ಕೆಲಸಕ್ಕೆ ಓಡುವ ಆ ಏರ್ಪಾಟು ಕೋಟೆ ಪ್ರದೇಶದ ಹೋಟೆಲು, ಆಫೀಸುಗಳಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರಿಗೂ ಹೊಂದಿಕೊಂಡಿತು. ಸಂಬಳವೇ ಅವರ ವಿದ್ಯಾರ್ಥಿವೇತನ.

ಬಿ.ಕಾಂ. ಅಗ್ಗ, ಬಿಎಂಎಸ್ ದುಬಾರಿ

ಆ ಕಾಲದ ಲೆಕ್ಕ ಈಗ ನಡೆಯುವುದಿಲ್ಲ. ಅನುದಾನಿತ ಕಾಲೇಜಿನ ಬಿ.ಕಾಂ. ಶುಲ್ಕವನ್ನು ಇವತ್ತೂ ಒಂದು ಸಾಧಾರಣ ಮನೆ ಹೇಗೋ ಹೊಂದಿಸೀತು. ಮುಂಬಯಿ ವಿಶ್ವವಿದ್ಯಾಲಯ ಕಳೆದ ಶತಮಾನದ ಕೊನೆಯಲ್ಲಿ ಬಿಎಂಎಸ್ ಎಂಬ ಮ್ಯಾನೇಜ್‌ಮೆಂಟ್ ಪದವಿ ತಂದಿತು. ಲೆಕ್ಕಶಾಸ್ತ್ರ ಮತ್ತು ಹಣಕಾಸು (ಬಿಎಎಫ್), ಬ್ಯಾಂಕಿಂಗ್ ಮತ್ತು ವಿಮೆ ಎಂಬ ಪದವಿಗಳು ಅದರ ಜೊತೆಗೆ ಸೇರಿಕೊಂಡವು. ಇವೆಲ್ಲ ಸ್ವಹಣಕಾಸಿನ ಕೋರ್ಸುಗಳು: ಮಾಸ್ತರರ ಸಂಬಳದ ಭಾರವೂ ಮಕ್ಕಳ ಶುಲ್ಕದ ಮೇಲೆ. ಕಾಲೇಜು ಅದೇ, ಕಟ್ಟಡ ಅದೇ, ಬಿ.ಕಾಂ. ತರಗತಿಯ ಪಕ್ಕದ ಕೋಣೆಯಲ್ಲಿ ಕೂತರೆ ಶುಲ್ಕ ಹಲವು ಪಟ್ಟು.

ಈ ಬದಲಾವಣೆ ವಿದ್ಯಾರ್ಥಿವೇತನದ ಜಗತ್ತಿನ ಕಣ್ಣಿಗೆ ಬೇಗ ಬೀಳಲಿಲ್ಲ. ನೆರವು ಬೇಕಾದವರು ಡಾಕ್ಟರು, ಎಂಜಿನಿಯರು ಓದುವವರು, ಕಾಮರ್ಸಿನವನು ಹೇಗೋ ನಿಭಾಯಿಸಿಕೊಳ್ಳುತ್ತಾನೆ ಎಂಬ ಎಣಿಕೆ ಕೊಡುವವರಲ್ಲೂ ಇತ್ತು, ಬೇಡುವವರಲ್ಲೂ ಇತ್ತು. 2024ರಲ್ಲಿ ಒಂದು ತಿರುವು ಬಂತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಬಿಬಿಎ, ಬಿಎಂಎಸ್ ಪದವಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಮಹಾರಾಷ್ಟ್ರ ಮೊದಲ ಬಾರಿಗೆ ಅವುಗಳಿಗೆ ಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸಿತು. ಆ ತಲೆಬಿಸಿ ಬೇಡವೆಂದು ಕೆಲವು ಕಾಲೇಜುಗಳು ಕೋರ್ಸಿನ ಹೆಸರನ್ನೇ ಬದಲಿಸಿ ಬಿ.ಕಾಂ. ಪಂಕ್ತಿಯಲ್ಲಿ ಕೂರಿಸಿದವು. ಹೆತ್ತವರಿಗೆ ಇದು ಬರೀ ಹೆಸರಿನ ಬದಲಾವಣೆಯಾಗಿ ಕಾಣಬಹುದು. ಆದರೆ ರಾಜ್ಯದ ಶುಲ್ಕ ರಿಯಾಯಿತಿಯಲ್ಲಿ ‘ವೃತ್ತಿಪರ ಕೋರ್ಸು’ ಎನ್ನುವ ಮಾತಿಗೆ ಬೆಲೆ ಇದೆ. ಅರ್ಜಿ ತುಂಬುವ ಮೊದಲು ಕಾಲೇಜಿನ ಕಚೇರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಕೋರ್ಸು ಮಹಾಡಿಬಿಟಿ ಪಟ್ಟಿಯಲ್ಲಿ ಇದೆಯೇ?

1967ರ ಗೆರೆ

ಮಹಾಡಿಬಿಟಿ ಎಂಬುದು ಮಹಾರಾಷ್ಟ್ರದ ವಿದ್ಯಾರ್ಥಿವೇತನಗಳೆಲ್ಲ ಹಾದುಹೋಗುವ ಆನ್‌ಲೈನ್ ಬಾಗಿಲು. ಮುಂಬಯಿಯಲ್ಲೇ ಹುಟ್ಟಿದ ಕನ್ನಡ ಮಗು ಅಲ್ಲಿ ಎಡವುವುದು ಅಂಕದ ಮೇಲಲ್ಲ, ಅಜ್ಜನ ರೈಲು ಟಿಕೆಟಿನ ಮೇಲೆ. ಜಾತಿ ಆಧಾರಿತ ಸೌಲಭ್ಯ ಬೇಕಾದರೆ ಕುಟುಂಬ ಒಂದು ನಿಗದಿತ ದಿನದ ಮೊದಲೇ ಮಹಾರಾಷ್ಟ್ರದಲ್ಲಿ ನೆಲೆಸಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10. ಪರಿಶಿಷ್ಟ ಪಂಗಡಕ್ಕೆ ಅದೇ ವರ್ಷದ ಸೆಪ್ಟೆಂಬರ್ 6. ವಿಮುಕ್ತ ಜಾತಿ, ಅಲೆಮಾರಿಗಳಿಗೆ 1961ರ ನವೆಂಬರ್ 21. ಇತರ ಹಿಂದುಳಿದ ವರ್ಗಕ್ಕೆ 1967ರ ಅಕ್ಟೋಬರ್ 13. ಅಜ್ಜ 1966ರಲ್ಲಿ ಬಂದಿದ್ದರೆ ಒಂದು ಮಾತು, 1970ರಲ್ಲಿ ಬಂದಿದ್ದರೆ ಇನ್ನೊಂದು. ಬಂದದ್ದು ಮೊದಲೇ ಆದರೂ ಹೋಟೆಲಿನ ಮಾಳಿಗೆಯಲ್ಲಿ ಮಲಗಿ ದಿನ ಕಳೆದವರ ಹೆಸರಿನಲ್ಲಿ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ಅಂಥ ಮನೆಗಳಲ್ಲಿ ಈಗ ರಾತ್ರಿ ಶಾಲೆಯ ಹಳೆಯ ದಾಖಲಾತಿ ಪುಸ್ತಕವೇ ಆಸ್ತಿಪತ್ರಕ್ಕಿಂತ ದೊಡ್ಡದು.

ಕಾನೂನಿನ ನೋಟವೂ ಹೀಗೆಯೇ, ಮತ್ತು ಆ ಪ್ರಶ್ನೆ ಎದ್ದದ್ದು ಮುಂಬಯಿಯಲ್ಲೇ. ಆಂಧ್ರದಿಂದ ತಂದೆಯ ನೌಕರಿಯ ಜೊತೆ ಬಾಲ್ಯದಲ್ಲೇ ಇಲ್ಲಿಗೆ ಬಂದ ವಿದ್ಯಾರ್ಥಿಯೊಬ್ಬ ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ವೈದ್ಯಕೀಯ ಸೀಟು ಕೇಳಿದ್ದ. ಪರೇಲಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಹೆಸರು ಹೊತ್ತ ಮರ‍್ರಿ ಚಂದ್ರಶೇಖರ ರಾವ್ ಪ್ರಕರಣ ಅದು. ಒಂದು ರಾಜ್ಯದಲ್ಲಿ ಸಿಕ್ಕ ಸ್ಥಾನಮಾನ ವಲಸೆ ಹೋದ ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪು ಕೊಟ್ಟಿತು. ಹಿಂದುಳಿದಿರುವಿಕೆಯನ್ನು ಆಯಾ ರಾಜ್ಯದ ನೆಲದಲ್ಲೇ ಅಳೆಯಬೇಕು ಎಂಬ ತರ್ಕ ಸುಳ್ಳಲ್ಲ. ಆದರೆ ಕಲಬುರಗಿ, ವಿಜಯಪುರದಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವರ ಮಗಳಿಗೆ ಊರಿನ ಸರ್ಕಾರ ‘ನೀನು ಇಲ್ಲಿ ಓದಿದವಳಲ್ಲ’ ಎಂದು, ಇಲ್ಲಿನ ಸರ್ಕಾರ ‘ನೀನು ಇಲ್ಲಿಯವಳಲ್ಲ’ ಎಂದು ಹೇಳಿದರೆ, ಅವಳು ಯಾವ ಊರಿನವಳು?

ಗೆರೆ ಕೇಳದ ಬಾಗಿಲು

ಇಲ್ಲಿಯೇ ಬಹಳಷ್ಟು ಮನೆಯವರು ನಿರಾಸೆಗೊಂಡು ಕೈಬಿಡುತ್ತಾರೆ. ಆದರೆ ಜಾತಿಯ ಗೆರೆ ದಾಟಲಾಗದವರಿಗೂ ಬಾಗಿಲುಗಳಿವೆ.

ರಾಜ್ಯದ್ದೇ ಒಂದಿದೆ: ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆ. ಕಾಲೇಜಿನ ಕಚೇರಿಯಲ್ಲಿ ಎಲ್ಲರೂ ‘ಇಬಿಸಿ’ ಎನ್ನುವುದು ಇದನ್ನೇ. ಸಾಮಾನ್ಯ ವರ್ಗದವರಿಗೆ, ಮನೆಯ ವಾರ್ಷಿಕ ಆದಾಯ 8 ಲಕ್ಷ ಮೀರದಿದ್ದರೆ, ಬೋಧನಾ ಶುಲ್ಕದ ಅರ್ಧವನ್ನು ಸರ್ಕಾರ ಭರಿಸುತ್ತದೆ. ಒಂದು ಮನೆಯ ಇಬ್ಬರು ಮಕ್ಕಳಿಗೆ ಮಾತ್ರ. ಇಲ್ಲಿ ಜಾತಿಪತ್ರ ಬೇಡ. ಬೇಕಾದದ್ದು ಡೊಮಿಸೈಲ್, ಅಂದರೆ ರಾಜ್ಯದಲ್ಲಿ ಹದಿನೈದು ವರ್ಷ ವಾಸವಿದ್ದುದಕ್ಕೆ ಪ್ರಮಾಣಪತ್ರ, ಮತ್ತು ತಹಶೀಲ್ದಾರರ ಆದಾಯ ಪತ್ರ. 2024–25ರ ಸಾಲಿನಿಂದ, ಇದೇ ಆದಾಯ ಮಿತಿಯೊಳಗಿನ ಹೆಣ್ಣುಮಕ್ಕಳು ಕೇಂದ್ರೀಕೃತ ಪ್ರವೇಶದ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದರೆ ಅರ್ಹ ವರ್ಗಗಳಿಗೆ ಬೋಧನಾ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಗಮನಿಸಬೇಕಾದದ್ದು ‘ಕೇಂದ್ರೀಕೃತ ಪ್ರವೇಶ’ ಎಂಬ ಮಾತು. ಆತುರಕ್ಕೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಹಿಡಿದರೆ ಈ ಬಾಗಿಲು ಮುಚ್ಚಿದಂತೆಯೇ.

ಎರಡನೆಯದು ಕೇಂದ್ರ ಸರ್ಕಾರದ್ದು. ಹನ್ನೆರಡನೆಯ ತರಗತಿಯಲ್ಲಿ ತನ್ನ ಬೋರ್ಡಿನ ಮೇಲಿನ ಶೇ 20ರೊಳಗೆ ನಿಂತು, ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ಪದವಿಯ ಮೂರೂ ವರ್ಷ ತಲಾ 12,000 ರೂಪಾಯಿ, ಸ್ನಾತಕೋತ್ತರಕ್ಕೆ 20,000. ಕಲೆ, ವಿಜ್ಞಾನ, ಕಾಮರ್ಸ್ ಎಂಬ ಭೇದವಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಅರ್ಜಿ. ಕಡಿಮೆ ಶುಲ್ಕದ ಬಿ.ಕಾಂ. ಓದುವವರಿಗೆ ಇದೊಂದೇ ಸಿಕ್ಕರೂ ವರ್ಷ ಸಾಗುತ್ತದೆ.

ಮೂರನೆಯದು ಖಾಸಗಿ ನಿಧಿಗಳು. ಅವುಗಳ ತವರೂ ಈ ನಗರವೇ. ರಿಲಯನ್ಸ್ ಫೌಂಡೇಶನ್ ವರ್ಷಕ್ಕೆ 5,000 ಪದವಿ ವಿದ್ಯಾರ್ಥಿಗಳನ್ನು ಆರಿಸಿ, ಪದವಿ ಮುಗಿಯುವವರೆಗೆ 2 ಲಕ್ಷದವರೆಗೂ ಕೊಡುತ್ತದೆ. ಯಾವ ವಿಷಯವಾದರೂ ಸರಿ, ಮೊದಲ ವರ್ಷದಲ್ಲೇ ಅರ್ಜಿ ಹಾಕಿ ಒಂದು ಸಾಮರ್ಥ್ಯ ಪರೀಕ್ಷೆ ಬರೆಯಬೇಕು. ಎಚ್‌ಡಿಎಫ್‌ಸಿ ಬ್ಯಾಂಕಿನ ಪರಿವರ್ತನ್ ವಿದ್ಯಾರ್ಥಿವೇತನ ಮನೆಯಲ್ಲಿ ಸಾವು, ಕಾಯಿಲೆ, ಕೆಲಸ ಹೋದದ್ದು ಮುಂತಾದ ಆಘಾತಕ್ಕೆ ಸಿಕ್ಕವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಐಐಎಂನಂಥ ಕಡೆ ಸೇರಿದವರಿಗೆ 1999ರಲ್ಲಿ ಶುರುವಾದ ಆದಿತ್ಯ ಬಿರ್ಲಾ ವಿದ್ಯಾರ್ಥಿವೇತನವಿದೆ.

ಹೊರದೇಶದಲ್ಲಿ ಎಂಬಿಎ ಎನ್ನುವವರು ಕೋಟೆ ಪ್ರದೇಶದತ್ತ ನೋಡಬೇಕು. ಜೆ.ಎನ್. ಟಾಟಾ ದತ್ತಿ 1892ರದ್ದು. ನಮ್ಮ ತುಮಕೂರಿನ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಹೋದದ್ದು ಟಾಟಾ ನೆರವಿನಿಂದ. ಕೆ.ಸಿ. ಮಹೀಂದ್ರ ಟ್ರಸ್ಟು 1953ರದ್ದು. ಇವೆರಡೂ ಕೊಡುವುದು ಸಾಲದ ರೂಪದ ವಿದ್ಯಾರ್ಥಿವೇತನ, ಅಂದರೆ ಓದು ಮುಗಿದ ಮೇಲೆ ಹಿಂದಿರುಗಿಸಬೇಕು. ಆ ಹಣ ಮುಂದಿನವರಿಗೆ ಹೋಗುತ್ತದೆ. ಇಲ್ಲೇ ಓದುವವರಿಗೆ 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಇದೆ: ಪಟ್ಟಿಯಲ್ಲಿರುವ ಸಂಸ್ಥೆಗೆ ಸೇರಿದರೆ ಅಡಮಾನವಿಲ್ಲದ ಸಾಲ, 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3 ರಿಯಾಯಿತಿ.

ಇಷ್ಟು ಬಾಗಿಲಿಗೂ ಕೀಲಿ ಒಂದೇ ಗೊಂಚಲು. ಶಾಲೆ ಬಿಟ್ಟ ಪ್ರಮಾಣಪತ್ರ (ಎಲ್‌ಸಿ), ಅಂಕಪಟ್ಟಿ, ಡೊಮಿಸೈಲ್, ಆದಾಯ ಪತ್ರ, ರೇಷನ್ ಕಾರ್ಡ್, ಆಧಾರ್, ಶುಲ್ಕದ ರಸೀದಿ. ಇವುಗಳಲ್ಲಿ ಮೊದಲೇ ಮಾಡಿಸಬಹುದಾದವನ್ನು ಜೂನ್‌ನಲ್ಲಿ ಅಲ್ಲ, ಹನ್ನೆರಡನೆಯ ತರಗತಿಯ ದೀಪಾವಳಿ ರಜೆಯಲ್ಲಿ ಮಾಡಿಸಬೇಕು. ಫಲಿತಾಂಶ ಬಂದ ಮೇಲೆ, ಪ್ರಮಾಣಪತ್ರ ಮಾಡಿಸುವ ಸೇತು ಕೇಂದ್ರದ ಸಾಲು ರಸ್ತೆಗಿಳಿದಿರುತ್ತದೆ. ಅಪ್ಪನ ಹೆಸರು ಊರಿನ ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಎಂಬ ತೊಡಕು ಬಿಡಿಸಲು ತಿಂಗಳುಗಳೇ ಬೇಕು. ಒಂದರಲ್ಲಿ ಮನೆತನದ ಹೆಸರು ಮುಂದಿದ್ದರೆ ಇನ್ನೊಂದರಲ್ಲಿ ಅದು ಇರುವುದೇ ಇಲ್ಲ. ಇನ್ನು, ಹಣ ಬರುವುದು ಆಧಾರಿಗೆ ಜೋಡಿಸಿದ ಖಾತೆಗೆ. ಎರಡು ಮೂರು ಖಾತೆ ಇದ್ದರೆ ಕೊನೆಯಲ್ಲಿ ಜೋಡಿಸಿದ್ದು ಯಾವುದೆಂದು ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಮಂಜೂರಾದ ಹಣ ಮರೆತ ಖಾತೆಗೆ ಹೋಗಿ ಕೂರುವುದು ಅಪರೂಪವೇನಲ್ಲ.

ಲಕೋಟೆಯ ಬಲ, ಲಕೋಟೆಯ ಮಿತಿ

ಹಾಗಾದರೆ ಭಾನುವಾರದ ಆ ಲಕೋಟೆ ಸಣ್ಣದೇ? ಮೊತ್ತದಲ್ಲಿ ಹೌದು, ಹೊತ್ತಿನಲ್ಲಿ ಅಲ್ಲ. ಕಾಲೇಜು ಶುಲ್ಕ ಕೇಳುವುದು ಜೂನ್–ಜುಲೈಯಲ್ಲಿ. ಸರ್ಕಾರದ ಹಣ ಪರಿಶೀಲನೆಯ ಮೆಟ್ಟಿಲುಗಳನ್ನು ಹತ್ತಿ ಬರುವಷ್ಟರಲ್ಲಿ ವರ್ಷವೇ ಮಗುಚುತ್ತದೆ. ಮಳೆಗಾಲದಲ್ಲಿ ಕೈಗೆ ಸಿಗುವುದು ಸಂಘದ ದುಡ್ಡೇ. ಸಂಘ 1967 ಎಂದು ಕೇಳುವುದಿಲ್ಲ, ಡೊಮಿಸೈಲ್ ಕೇಳುವುದಿಲ್ಲ.

ಆದರೆ ಅದೂ ಒಂದು ಪ್ರಶ್ನೆ ಕೇಳುತ್ತದೆ: ‘ನಮ್ಮವರೇ?’ ಸಂಘ ಕಟ್ಟುವಷ್ಟು ತಲೆಯೆಣಿಕೆ ಇಲ್ಲದ ಜಾತಿಗಳಿಗೆ, ಧಾರಾವಿಯ ಕನ್ನಡ ಕೂಲಿಕಾರರ ಮಕ್ಕಳಿಗೆ, ಯಾವ ಸಭಾಗೃಹದಲ್ಲೂ ಹೆಸರು ಕೂಗುವವರಿಲ್ಲ. ಭಾಷೆಯ ಹೆಸರಿನಲ್ಲಿ ನಿಂತ ಸಂಸ್ಥೆಗಳು ನಮ್ಮಲ್ಲಿ ಇಲ್ಲದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದ್ದು, ಮಾಹಿಮ್‌ನ ಕರ್ನಾಟಕ ಸಂಘ 1933ರದ್ದು. ನಾಟಕಕ್ಕೆ, ಸಾಹಿತ್ಯಕ್ಕೆ ಅವು ಮಾಡಿದ ಕೆಲಸ ದೊಡ್ಡದು. ‘ಯಾವ ಜಾತಿ’ ಎಂದು ಕೇಳದೆ ‘ಯಾವ ಕೋರ್ಸು’ ಎಂದು ಕೇಳುವ ಬಾಗಿಲು ಇಂಥ ಕಡೆಯೇ ತೆರೆಯಬೇಕು.

ಅದಕ್ಕೆ ದೊಡ್ಡ ದತ್ತಿನಿಧಿ ಬೇಕಿಲ್ಲ. ಈ ನಗರದ ಬ್ಯಾಂಕುಗಳಲ್ಲಿ ಮೂವತ್ತು ವರ್ಷ ಅರ್ಜಿ ತಿದ್ದಿ, ಸಹಿ ತಾಳೆ ನೋಡಿ, ನಿವೃತ್ತರಾದ ಕನ್ನಡಿಗರು ಅದೆಷ್ಟೋ ಮಂದಿ. ಫಾರಂ ತುಂಬುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ದೀಪಾವಳಿಯಿಂದ ಜೂನ್‌ವರೆಗೆ ಪ್ರತಿ ಶನಿವಾರ, ಸಭಾಗೃಹದ ಮೂಲೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಸ್ಕ್ಯಾನರ್, ಅವರಲ್ಲಿ ಇಬ್ಬರು. ವೇದಿಕೆಯ ಶಾಲು, ಹೂಗುಚ್ಛಗಳ ಖರ್ಚಿನಲ್ಲೇ ಇಷ್ಟು ಆದೀತು. ಆಗ ಜೂನ್ ಭಾನುವಾರ ಲಕೋಟೆ ಪಡೆಯಲು ಮೆಟ್ಟಿಲು ಹತ್ತುವ ಹುಡುಗಿಯ ಚೀಲದಲ್ಲಿ ಇಬಿಸಿ ಅರ್ಜಿಗೆ ಬೇಕಾದ ಕಾಗದಗಳೆಲ್ಲ ಮೊದಲೇ ಜೋಡಣೆಯಾಗಿರುತ್ತವೆ. ಲಕೋಟೆಯ ದುಡ್ಡು ರೈಲಿನ ಪಾಸಿಗಷ್ಟೇ ಸಾಕು.